ಹಿರಿಯರ ಫೋಟೋಗೆ ಕಟ್ಟು ಹಾಕಿಸುವ ಮುಂಚೆ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಹಿರಿಯರ ಹಬ್ಬಕ್ಕೆ ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಗೋಡೆ ಮೇಲಿನ ಫೋಟೋಗಳನ್ನು ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಗಂಧ ಕುಂಕುಮ ಇಟ್ಟು, ಹೂವಿನ ಹಾರ ಹಾಕ್ತಾರೆ. ವರ್ಷದ ಉಳಿದ ದಿನ ಆ ಫೋಟೋಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನೋಡುವ ಆ ಒಂದು ದಿನವೇ ಅವುಗಳಿಗೆ ಹೆಚ್ಚು ಕೇಡಾಗುವ ದಿನ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ದೇವರ ಪಟ ಹಾಳಾದರೆ ಜಾತ್ರೆಯಲ್ಲಿ ಇನ್ನೊಂದು ಸಿಗುತ್ತದೆ. ಮುತ್ತಜ್ಜನ ಫೋಟೋ ಹಾಗಲ್ಲ. ಅದನ್ನು ತೆಗೆದ ಸ್ಟುಡಿಯೋ ಈಗ ಇಲ್ಲ, ನೆಗೆಟಿವ್ ಇಲ್ಲ, ಮುತ್ತಜ್ಜನೂ ಇಲ್ಲ. ಆಗಿನ ಕಾಲದಲ್ಲಿ ಒಬ್ಬ ಮನುಷ್ಯನಿಗೆ ಇಡೀ ಆಯುಸ್ಸಿನಲ್ಲಿ ಒಂದೋ ಎರಡೋ ಫೋಟೋ. ಅದೂ ಹೋದರೆ ಅವರ ಮುಖ ಹೇಗಿತ್ತು ಅಂತ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಆದ್ದರಿಂದ ಫೋಟೋಗೆ ಕಟ್ಟು ಹಾಕಿಸುವುದು ಹೇಗೆ, ಆಮೇಲೆ ನೋಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಮುಖ್ಯವಾದ ಮಾತು ಎರಡೇ. ಫೋಟೋವನ್ನು ಯಾವುದಕ್ಕೂ ಅಂಟಿಸಬಾರದು. ಫೋಟೋದ ಮುಖಕ್ಕೆ ಗಾಜು ತಾಗಬಾರದು. ಯಾಕೆ ಅಂತ ತಿಳಿಯಬೇಕಾದರೆ ಫೋಟೋದ ಒಳಗೆ ಏನಿದೆ ಅಂತ ಮೊದಲು ನೋಡಬೇಕು.

ಫೋಟೋದ ಒಳಗೆ ಏನಿದೆ?

ಹಳೆಯ ಕಪ್ಪು ಬಿಳುಪು ಫೋಟೋದಲ್ಲಿ ಕಪ್ಪಾಗಿ ಕಾಣುವುದು ಶಾಯಿ ಅಲ್ಲ, ಬೆಳ್ಳಿ! ನಿಜವಾದ ಬೆಳ್ಳಿಯೇ. ಬಹಳ ಸಣ್ಣ ಕಣಗಳಾಗಿರುವುದರಿಂದ ಅದು ಹೊಳೆಯದೆ ಕಪ್ಪಗೆ ಕಾಣುತ್ತದೆ. (ಹಾಗಂತ ಯಾರೂ ಫೋಟೋ ಕರಗಿಸಲು ಹೋಗಬೇಡಿ, ಚಿಟಿಕೆಯಷ್ಟೂ ಸಿಗುವುದಿಲ್ಲ.) ಈ ಕಣಗಳನ್ನು ಕಾಗದದ ಮೇಲೆ ಹಿಡಿದಿಟ್ಟಿರುವುದು ಜೆಲಟಿನ್ ಎಂಬ ತೆಳುವಾದ ಪದರ. ಜೆಲಟಿನ್ನನ್ನು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತಯಾರಿಸುತ್ತಾರೆ. ಒಣಗಿದ್ದಾಗ ಅದು ಹಪ್ಪಳದ ಹಾಗೆ ಗಟ್ಟಿ. ನೀರು ತಾಗಿದರೆ ನೆನೆದ ಹಪ್ಪಳದ ಹಾಗೆಯೇ ಉಬ್ಬಿ, ಮೆತ್ತಗಾಗಿ, ಅಂಟಂಟಾಗುತ್ತದೆ. ಈ ಒಂದು ಗುಣವನ್ನು ನೆನಪಿಟ್ಟುಕೊಂಡರೆ ಅರ್ಧ ಪಾಠ ಮುಗಿದಂತೆ.

ಬಣ್ಣದ ಫೋಟೋದಲ್ಲಿ ಬೆಳ್ಳಿ ಉಳಿದಿರುವುದಿಲ್ಲ. ಅಲ್ಲಿರುವುದು ಮೂರು ಬಣ್ಣದ ರಂಗುಗಳು: ಹಳದಿ, ಒಂದು ಬಗೆಯ ಗುಲಾಬಿ ಕೆಂಪು, ಒಂದು ಬಗೆಯ ಹಸಿರು ನೀಲಿ. ಅವೂ ಜೆಲಟಿನ್ನಿನ ಒಳಗೇ ಇರುತ್ತವೆ. ರಂಗು ಬೆಳ್ಳಿಯಷ್ಟು ಗಟ್ಟಿ ಅಲ್ಲ. ಎಷ್ಟೋ ಮನೆಗಳಲ್ಲಿ 1970 ಮತ್ತು 80ರ ದಶಕದ ಮದುವೆ ಫೋಟೋಗಳು ಪೂರ್ತಿ ಕೆಂಪಗಾಗಿರುವುದನ್ನು ನೀವು ನೋಡಿರಬಹುದು. ಹಸಿರು ನೀಲಿ ರಂಗು ಮೊದಲು ಕಳೆದುಹೋಗಿ ಉಳಿದ ಬಣ್ಣಗಳು ಮಾತ್ರ ಕಾಣುವುದರಿಂದ ಹಾಗಾಗುತ್ತದೆ. ಅದಕ್ಕೇ ಅವ್ವನ ಮದುವೆ ಫೋಟೋ ಕೆಂಪಗಾಗಿದ್ದರೂ ಅದಕ್ಕಿಂತ ಹಳೆಯದಾದ ಅಜ್ಜಿಯ ಕಪ್ಪು ಬಿಳುಪು ಫೋಟೋ ಚೆನ್ನಾಗಿರುತ್ತದೆ. ಈಗ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದುಕೊಡುವ ಕೆಲವು ಫೋಟೋಗಳಲ್ಲಿ ಶಾಯಿಯೇ ಇರುತ್ತದೆ. ಒಂದು ಹನಿ ನೀರು ಬಿದ್ದರೂ ಅದು ಹರಡಿಕೊಳ್ಳುತ್ತದೆ.

ಗಾಜಿಗೆ ಕಚ್ಚಿಕೊಳ್ಳುವುದು

ತಣ್ಣೀರಿನ ಚೊಂಬಿನ ಹೊರಗೆ ನೀರಿನ ಹನಿ ಮೂಡುತ್ತದಲ್ಲ, ಅದೇ ರೀತಿ ಮಳೆಗಾಲದ ರಾತ್ರಿಯಲ್ಲಿ ಗಾಜು ತಣ್ಣಗಾದಾಗ ಅದರ ಒಳಮೈಯಲ್ಲೂ ತೇವ ಮೂಡುತ್ತದೆ. ಫೋಟೋ ಗಾಜಿಗೆ ಒತ್ತಿಕೊಂಡಿದ್ದರೆ ಆ ತೇವ ನೇರವಾಗಿ ಜೆಲಟಿನ್ನಿಗೆ ಹೋಗುತ್ತದೆ. ಜೆಲಟಿನ್ ಮೆತ್ತಗಾಗಿ ಗಾಜಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಹಾಗೇ ಒಣಗುತ್ತದೆ. ನಾಲ್ಕಾರು ಮಳೆಗಾಲ ಕಳೆದರೆ ಗಾಜು ಫೋಟೋ ಎರಡೂ ಒಂದೇ ಆಗಿಬಿಡುತ್ತವೆ. ನಮ್ಮೂರಿನ ಒಂದು ಮನೆಯಲ್ಲಿ ಹೀಗೆ ಅಂಟಿದ್ದ ಫೋಟೋವನ್ನು ಬೇರೆ ಕಟ್ಟಿಗೆ ಹಾಕಿಸಬೇಕು ಅಂತ ಎಳೆದರು. ಕಾಗದ ಕೈಗೆ ಬಂತು, ಮುಖ ಗಾಜಿನ ಮೇಲೇ ಉಳಿಯಿತು. ಆ ಮನೆಯ ಅಜ್ಜಿ ಆ ಗಾಜನ್ನು ಈಗಲೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.

ನಿಮ್ಮ ಮನೆಯಲ್ಲಿ ಫೋಟೋ ಆಗಲೇ ಅಂಟಿದೆಯೋ ಇಲ್ಲವೋ ನೋಡುವುದು ಸುಲಭ. ಕಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಂಟಿದ ಜಾಗ ಒದ್ದೆಯಾದ ಹಾಗೆ ಗಾಢವಾಗಿ, ಹೊಳಪಾಗಿ ಕಾಣುತ್ತದೆ. ಅಂಟಿದ್ದರೆ ದಯವಿಟ್ಟು ಎಳೆಯಬೇಡಿ, ಬ್ಲೇಡು ಹಾಕಬೇಡಿ, ನೀರಲ್ಲಿ ನೆನೆಸಬೇಡಿ. ಗಾಜಿನ ಸಮೇತ ಹಾಗೇ ಇರಲಿ. ಗಾಜಿನ ಮೇಲಿನಿಂದಲೇ ಮೊಬೈಲಿನಲ್ಲೋ ಸ್ಟುಡಿಯೋದಲ್ಲೋ ಒಂದು ಪ್ರತಿ ತೆಗೆಸಿಕೊಳ್ಳಿ.

ಇನ್ನು ಅಂಟದೆ ಇರುವ ಫೋಟೋಗಳಿಗೆ ಉಪಾಯ ಇದೆ. ಅದರ ಹೆಸರು ಮೌಂಟ್. ಗಾಜಿಗೂ ಫೋಟೋಗೂ ನಡುವೆ ದಪ್ಪ ರಟ್ಟಿನಲ್ಲಿ ಕಿಟಕಿ ಕತ್ತರಿಸಿ ಇಡುತ್ತಾರೆ. ಅಂಗಡಿಯವರು ಇದನ್ನು ಅಲಂಕಾರಕ್ಕೆ ಅಂದುಕೊಂಡಿದ್ದಾರೆ, ನಾವೂ ಹಾಗೇ ಅಂದುಕೊಂಡಿದ್ದೇವೆ. ಅಸಲಿಗೆ ಅದರ ಕೆಲಸ ಗಾಳಿಗೆ ಜಾಗ ಬಿಡುವುದು. ಮೌಂಟ್ ಬೋರ್ಡ್ ಒಂದೂವರೆ ಮಿಲಿಮೀಟರ್ ದಪ್ಪ ಇದ್ದರೂ ಸಾಕು, ಗಾಜು ಫೋಟೋವನ್ನು ಮುಟ್ಟುವುದಿಲ್ಲ.

ಹಿಂದುಗಡೆಯ ರಟ್ಟು

ಹಳೆಯ ಕಟ್ಟು ಬಿಚ್ಚಿದರೆ ಹಿಂದೆ ಏನೇನೋ ಸಿಗುತ್ತದೆ. ಹಳೇ ದಿನಪತ್ರಿಕೆ, ಕ್ಯಾಲೆಂಡರ್, ನೋಟ್‌ಬುಕ್ಕಿನ ಬೂದು ರಟ್ಟು, ಪ್ಲೈವುಡ್. ದಿನಪತ್ರಿಕೆ ಸಿಕ್ಕರೆ ಓದುವುದಕ್ಕೆ ಮಜಾ, ಆದರೆ ಫೋಟೋಗೆ ಅದು ಕೆಟ್ಟದ್ದು. ಇಂಥ ಕಾಗದವನ್ನು ಮರದ ತಿರುಳಿನಿಂದ ಮಾಡುತ್ತಾರೆ. ಮರದಲ್ಲಿ ಲಿಗ್ನಿನ್ ಎಂಬ ಪದಾರ್ಥ ಇದೆ. ಅದು ಗಾಳಿ ಬೆಳಕು ಸೇರಿ ಹಳದಿಯಾಗುತ್ತದೆ, ಕಾಗದ ಹಳತಾದಂತೆ ಆಮ್ಲವೂ ಹುಟ್ಟುತ್ತದೆ. ಆ ಆಮ್ಲ ಪಕ್ಕದಲ್ಲಿರುವ ಫೋಟೋದ ಕಾಗದಕ್ಕೂ ಹರಡುತ್ತದೆ. ಕಾಗದ ಕಂದು ಬಣ್ಣಕ್ಕೆ ತಿರುಗಿ ಒಣಗಿದ ತರಗೆಲೆಯ ಹಾಗೆ ಮುರಿಯುತ್ತದೆ.

ನಂಬಿಕೆ ಬಾರದಿದ್ದರೆ ಒಂದು ಪ್ರಯೋಗ ಮಾಡಿ. ದಿನಪತ್ರಿಕೆಯ ಒಂದು ಹಾಳೆ ತಗೊಂಡು ಅರ್ಧಕ್ಕೆ ಪುಸ್ತಕ ಮುಚ್ಚಿ ಬಿಸಿಲಲ್ಲಿ ಒಂದು ವಾರ ಇಡಿ. ಮುಚ್ಚಿದ ಭಾಗ, ತೆರೆದ ಭಾಗ ಎರಡನ್ನೂ ಹೋಲಿಸಿ ನೋಡಿ.

ಹತ್ತಿಯಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಇರುವುದಿಲ್ಲ ಎನ್ನಬಹುದು. ಖಾದಿ ಭಂಡಾರಗಳಲ್ಲಿ ಸಿಗುವ ಕೈಕಾಗದವನ್ನು ಹೆಚ್ಚಾಗಿ ಬಟ್ಟೆ ಕಾರ್ಖಾನೆಯ ಹತ್ತಿ ಚೂರುಗಳಿಂದಲೇ ಮಾಡುತ್ತಾರೆ. ಬಣ್ಣ ಹಾಕದ ಬಿಳಿಯದನ್ನೇ ಕೇಳಿ ತಗೊಳ್ಳಬೇಕು. ಆಮ್ಲರಹಿತ ಮೌಂಟ್ ಬೋರ್ಡ್ ಬೆಂಗಳೂರಿನಂಥ ದೊಡ್ಡ ಊರುಗಳ ಚಿತ್ರಕಲಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಸಾಧಾರಣ ರಟ್ಟನ್ನೇ ಉಪಯೋಗಿಸಿ, ಆದರೆ ಅದಕ್ಕೂ ಫೋಟೋಗೂ ಮಧ್ಯೆ ಹತ್ತಿ ಕಾಗದ ಇಡಿ. ಇದು ಪೂರ್ತಿ ರಕ್ಷಣೆ ಅಲ್ಲ, ಆದರೂ ದಿನಪತ್ರಿಕೆಗಿಂತ ಎಷ್ಟೋ ಮೇಲು.

ಹಂಪಿಯ ಕಲ್ಲಿನ ರಥ

ಕಾಗದ ಎಷ್ಟು ವರ್ಷ ಬಾಳುತ್ತದೆ ಅಂತ ನೀವು ಕೇಳಬಹುದು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ 1856ರಲ್ಲಿ ಹಂಪಿಯ ಫೋಟೋಗಳನ್ನು ತೆಗೆದರು. ಆಗ ಫಿಲಂ ರೋಲು ಬಂದಿರಲಿಲ್ಲ. ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದಗಳೇ ನೆಗೆಟಿವ್. ಆ ಕಾಗದದ ನೆಗೆಟಿವ್‌ಗಳು ಇವತ್ತಿಗೂ ಇವೆ. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಅದೇ ದೃಶ್ಯಗಳನ್ನು ಮತ್ತೆ ತೆಗೆದರು.

ಈಗ ನಿಮ್ಮ ಅಪ್ಪನ ಹತ್ತಿರ ಇರುವ ನೀಲಿ ಬಣ್ಣದ 50 ರೂಪಾಯಿ ನೋಟು ನೋಡಿ. 2017ರಲ್ಲಿ ಬಂದ ಆ ನೋಟಿನ ಹಿಂದೆ ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇದೆ. ಅದರ ತಲೆಯ ಮೇಲೆ ಗೋಪುರ ಇಲ್ಲ. ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಇದೆ! ಇಟ್ಟಿಗೆಯಲ್ಲಿ ಕಟ್ಟಿದ್ದ ಆ ಗೋಪುರ ಆಮೇಲೆ ಇಲ್ಲವಾಯಿತು. ಗೋಪುರ ಹೋಯಿತು, ಕಾಗದ ಉಳಿಯಿತು. ಆ ಕಾಗದವನ್ನು ಯಾರಾದರೂ ರಟ್ಟಿಗೆ ಅಂಟಿಸಿ ಸೋರುವ ಗೋಡೆಗೆ ನೇತುಹಾಕಿದ್ದರೆ ರಥದ ಮೇಲೆ ಗೋಪುರ ಇದ್ದದ್ದು ಹೇಗಿತ್ತು ಅಂತ ನಾವು ನೋಡುವುದಕ್ಕೆ ಆಗುತ್ತಿರಲಿಲ್ಲ.

ಅಂಟುಗಳ ವಿಷಯ

ಕಟ್ಟು ಹಾಕುವ ಒಬ್ಬರ ಹತ್ತಿರ ನಾನು ಕೇಳಿದೆ, “ಅಣ್ಣಾ, ಫೋಟೋ ಯಾಕೆ ಅಂಟಿಸ್ತೀರಿ?” ಅಂತ. ಅವರು, “ಅಂಟಿಸದಿದ್ರೆ ಸುಕ್ಕಾಗುತ್ತೆ ಕಣಮ್ಮಾ, ಗಿರಾಕಿ ಬಂದು ಜಗಳ ಆಡ್ತಾರೆ” ಅಂದರು. ಅವರ ಮಾತೂ ಸುಳ್ಳಲ್ಲ. ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿಡಿಯಾಗಿದ್ದರೆ ಸ್ವಲ್ಪ ಅಲೆ ಅಲೆಯಾಗಿ ಕಾಣಬಹುದು. ಹವೆ ಒಣಗಿದಾಗ ಅದು ಸುಮಾರಾಗಿ ಸರಿಹೋಗುತ್ತದೆ. ಅಂಟಿಸಿದರೆ ಹಿಗ್ಗಲು ಜಾಗ ಇಲ್ಲದೆ ಜೆಲಟಿನ್ ಪದರದಲ್ಲಿ ಬಿರುಕು ಬೀಳುತ್ತದೆ. ಇವತ್ತಿನ ಸುಕ್ಕಿಗೆ ಹೆದರಿ ನಾಳೆಯ ಬಿರುಕನ್ನು ತಂದುಕೊಳ್ಳುವುದು ನನಗೇನೋ ಸರಿ ಕಾಣುವುದಿಲ್ಲ.

ಫೆವಿಕಾಲ್ ಮರಕ್ಕೆ ಮಾಡಿದ ಅಂಟು, ಒಣಗಿದ ಮೇಲೆ ಬಿಡಿಸುವುದಕ್ಕೆ ಬರುವುದಿಲ್ಲ. ಸೆಲ್ಲೋಟೇಪಿನ ಅಂಟು ಕೆಲವು ವರ್ಷಕ್ಕೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಟೇಪು ಉದುರುತ್ತದೆ, ಕಲೆ ಹೋಗುವುದಿಲ್ಲ. ಸೈಕಲ್ ಪಂಕ್ಚರ್ ಹಾಕುವ ಸೊಲ್ಯೂಷನ್ನು, ರಬ್ಬರ್ ಬ್ಯಾಂಡು ಇವುಗಳಲ್ಲಿ ಗಂಧಕ ಇರುತ್ತದೆ. ಗಂಧಕ ಬೆಳ್ಳಿಗೆ ಆಗದು. ಕಾಲುಗೆಜ್ಜೆ ಕಪ್ಪಾಗುವುದೂ ಗಾಳಿಯಲ್ಲಿರುವ ಗಂಧಕದ ಅನಿಲದಿಂದಲೇ. ಗೋಬರ್ ಗ್ಯಾಸಿನಲ್ಲೂ ಆ ಅನಿಲ ಸ್ವಲ್ಪ ಇರುತ್ತದೆ, ಹಾಗಾಗಿ ಅಡುಗೆಮನೆಯಲ್ಲಿ ಹಳೆಯ ಫೋಟೋ ಬೇಡ. ಕೆಲವು ಹಳೇ ಫೋಟೋಗಳ ಅಂಚಿನ ಕಪ್ಪು ಭಾಗದಲ್ಲಿ ನೀಲಿ ಕನ್ನಡಿಯ ಹಾಗೆ ಹೊಳಪು ಬಂದಿರುತ್ತದೆ ನೋಡಿ. ಅದು ಒಳಗಿನ ಬೆಳ್ಳಿ ಮೇಲಕ್ಕೆ ಬಂದಿರುವುದು. ಅದನ್ನು ಉಜ್ಜಬಾರದು.

ಮೈದಾ ಅಂಟು ಒಳ್ಳೆಯದೇ. ಆದರೆ ಅದನ್ನು ತಿನ್ನಲು ಜಿರಳೆಯೂ, ಹಳೇ ಪುಸ್ತಕ ಬಿಚ್ಚಿದಾಗ ಓಡುವ ಬೆಳ್ಳಿ ಬಣ್ಣದ ಹುಳವೂ ಬರುತ್ತವೆ. ಅದಕ್ಕೆ ಪುಸ್ತಕ ಕಟ್ಟುವವರು ಮೈಲುತುತ್ತ ಬೆರೆಸುತ್ತಾರೆ. ಮೈಲುತುತ್ತದ ನೀರು ಆಮ್ಲದ ಗುಣದ್ದು, ಫೋಟೋ ಕೆಲಸಕ್ಕೆ ಅದು ಬೇಡ. ಡಾಂಬರು ಗುಳಿಗೆಯನ್ನೂ ಕಟ್ಟಿನ ಒಳಗೆ ಇಡಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು ಲ್ಯಾಮಿನೇಶನ್. ಅಂಕಪಟ್ಟಿಗೆ ಮಾಡಿಸಿದ ಹಾಗೆ ಅಜ್ಜನ ಫೋಟೋಗೂ ಮಾಡಿಸುತ್ತಾರೆ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಅಂಟು ಫೋಟೋದ ಮುಖಕ್ಕೇ ಹಿಡಿಯುತ್ತದೆ. ಮುಂದೆ ಏನೇ ತೊಂದರೆಯಾದರೂ ಬಿಡಿಸಲು ದಾರಿ ಇಲ್ಲ.

ಅಳತೆ ಮತ್ತು ಜೋಡಣೆ

ಫೋಟೋ 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ ಇದೆ ಅಂತ ಇಟ್ಟುಕೊಳ್ಳೋಣ. ಮೌಂಟಿನ ಕಿಟಕಿ 14.5 ಮತ್ತು 19.5 ಇರಬೇಕು. ಆಗ ಸುತ್ತಲೂ ಕಾಲು ಸೆಂಟಿಮೀಟರ್ ಅಂಚು ಫೋಟೋದ ಮೇಲೆ ಕೂರುತ್ತದೆ, ಫೋಟೋ ಮುಂದಕ್ಕೆ ಬೀಳುವುದಿಲ್ಲ. ಎಡಬಲದಲ್ಲಿ 5 ಸೆಂ.ಮೀ., ಮೇಲೆ 5, ಕೆಳಗೆ 6 ಬಿಡಿ. ಕೆಳಗೆ ಒಂದು ಸೆಂಟಿಮೀಟರ್ ಹೆಚ್ಚು ಯಾಕೆಂದರೆ ಸಮ ಬಿಟ್ಟರೆ ಫೋಟೋ ಕೆಳಗೆ ಜಾರಿದ ಹಾಗೆ ಕಣ್ಣಿಗೆ ಕಾಣುತ್ತದೆ. ಒಟ್ಟು ರಟ್ಟು 24.5 ಅಗಲ, 30.5 ಎತ್ತರ. ಗಾಜೂ ಅಷ್ಟೇ, ಹಿಂದಿನ ರಟ್ಟೂ ಅಷ್ಟೇ.

ಹಾಗಾದರೆ ಅಂಟಿಸದೆ ಫೋಟೋ ನಿಲ್ಲುವುದು ಹೇಗೆ? ಕಾಗದದ ಮೂಲೆಗಳಿಂದ. ಆಲ್ಬಮ್ಮಿನಲ್ಲಿ ನೋಡಿರುತ್ತೀರಿ, ಮೂಲೆಗೊಂದು ಚಿಕ್ಕ ಜೇಬು. ನಾವೇ ಮಾಡಿಕೊಳ್ಳಬಹುದು. ಬಿಳಿ ಹತ್ತಿ ಕಾಗದದಲ್ಲಿ 6 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಮೇಲಿನ ಅಂಚಿನ ನಟ್ಟನಡುವೆ ಚುಕ್ಕೆ ಇಟ್ಟು, ಅಲ್ಲಿಂದ ಎರಡು ಕೈಗಳನ್ನೂ ಕೆಳಕ್ಕೆ ಮಡಿಸಿ. ಕಾಗದದ ರಾಕೆಟ್ ಮಾಡುವಾಗ ಮೊದಲು ಮಡಿಸುತ್ತೇವಲ್ಲ, ಹಾಗೆ. ತ್ರಿಕೋನವೂ ಅದರ ಕೆಳಗೆ ಎರಡು ಚಿಕ್ಕ ಬಾಲವೂ ಬರುತ್ತವೆ. ಮಡಿಕೆ ಇರುವ ಬದಿ ಹಿಂದಕ್ಕೆ, ಸಪಾಟು ಬದಿ ಮುಂದಕ್ಕೆ. ಇಂಥ ನಾಲ್ಕು ಮೂಲೆಗಳನ್ನು ಫೋಟೋಗೆ ತೊಡಿಸಿ, ಹಿಂದಿನ ರಟ್ಟಿನ ಮೇಲೆ ಸರಿಯಾದ ಜಾಗಕ್ಕೆ ಇಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿ. ಆಮೇಲೆ ಫೋಟೋ ತೆಗೆದು, ಬಾಲಕ್ಕೆ ಮಾತ್ರ ಒಂದು ಚೂರು ಮೈದಾ ಅಂಟು ಹಚ್ಚಿ ರಟ್ಟಿಗೆ ಅಂಟಿಸಿ. ಪೂರ್ತಿ ಒಣಗಲು ಒಂದು ದಿನ ಬಿಟ್ಟು ಫೋಟೋ ಸೇರಿಸಿ. ತೀರಾ ಬಿಗಿ ಬೇಡ, ಹಿಗ್ಗಲು ಕೂದಲೆಳೆ ಜಾಗ ಇರಲಿ. ಬೇಕಾದಾಗ ಫೋಟೋ ಜಾರಿಸಿ ತೆಗೆಯಬಹುದು, ಅದಕ್ಕೆ ಏನೂ ಆಗಿರುವುದಿಲ್ಲ.

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಫೋಟೋವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಮುಂದಿನಿಂದ ಗಾಜು, ಮೌಂಟ್, ಫೋಟೋ ಇರುವ ರಟ್ಟು, ಅದರ ಹಿಂದೆ ಇನ್ನೊಂದು ಗಟ್ಟಿ ರಟ್ಟು, ಕೊನೆಗೆ ಚಿಕ್ಕ ಮೊಳೆಗಳು. ಮೊಳೆ ಹೊಡೆದ ಸಂದಿಗೆ ಸುತ್ತಲೂ ಕಾಗದದ ಪಟ್ಟಿ ಅಂಟಿಸಿದರೆ ಧೂಳು, ಹುಳ ಒಳಗೆ ಹೋಗುವುದಿಲ್ಲ.

ಇಷ್ಟನ್ನೂ ಮನೆಯಲ್ಲಿ ಮಾಡಲಾಗದಿದ್ದರೆ ಅಂಗಡಿಯಲ್ಲಿ ನಿಂತು ಇಷ್ಟೇ ಹೇಳಿ: “ಅಣ್ಣಾ, ಮೌಂಟ್ ಹಾಕಿ. ಫೋಟೋ ಅಂಟಿಸಬೇಡಿ, ಮೂಲೆ ನಾನೇ ತಂದಿದ್ದೀನಿ. ಹಿಂದೆ ಪೇಪರ್ ಇಡಬೇಡಿ, ಈ ಬಿಳೀ ಹಾಳೆ ಇಡಿ.” ಕೆಲಸ ಮುಗಿಯುವ ತನಕ ಅಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಯಾವ ಗೋಡೆ? ಯಾವ ಫೋಟೋ?

ಮಳೆ ಹೊಡೆಯುವ ಹೊರಗೋಡೆಗೆ ಬೇಡ, ಒಳಗೋಡೆಗೆ ಹಾಕಿ. ಬಾಗಿಲಿನ ಬಿಸಿಲು ಬೀಳುವ ಜಾಗ ಬೇಡ. ಸಾಮಾನ್ಯ ಗಾಜು ಬಿಸಿಲಿನ ಕೇಡನ್ನು ಪೂರ್ತಿ ತಡೆಯುವುದಿಲ್ಲ. ದೀಪದ ಹೊಗೆ ತಾಗುವ ಜಾಗವೂ ಬೇಡ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ಬಿಲ್ಲೆ ಕತ್ತರಿಸಿ ಅಂಟಿಸಿದರೆ ಗೋಡೆಗೂ ಕಟ್ಟಿಗೂ ಮಧ್ಯೆ ಗಾಳಿ ಆಡುತ್ತದೆ. ಗಾಳಿಯ ತೇವ ಶೇಕಡ 65–70 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಗೆದ್ದಲಂತೂ ಗೋಡೆಯಿಂದ ನೇರ ಕಟ್ಟಿನ ಹಿಂದಕ್ಕೆ ಬರುತ್ತದೆ. ತಿಂಗಳಿಗೊಮ್ಮೆ ಕಟ್ಟನ್ನು ಎತ್ತಿ ಹಿಂದೆ ನೋಡಬೇಕು.

ಆದರೆ ಇಷ್ಟು ಮಾಡಿದರೂ ಗೋಡೆ ಗೋಡೆಯೇ. ನಿಜವಾಗಿ ಫೋಟೋ ಉಳಿಯಬೇಕಾದರೆ ಅದರ ಪ್ರತಿಯನ್ನು ಗೋಡೆಗೆ ಹಾಕಿ, ಮೂಲ ಫೋಟೋವನ್ನು ಹತ್ತಿ ಕಾಗದದಲ್ಲಿ ಸುತ್ತಿ ಕತ್ತಲಾದ, ಒಣಗಿದ ಪೆಟ್ಟಿಗೆಯಲ್ಲಿ ಇಡಬೇಕು. ಇದಕ್ಕೆ ಮನೆಯಲ್ಲಿ ಹಿರಿಯರು ಒಪ್ಪುವುದು ಕಷ್ಟ. “ಅವರನ್ನ ಪೆಟ್ಟಿಗೇಲಿ ಮುಚ್ಚಿಟ್ಟು ನಕಲಿಗೆ ಪೂಜೆ ಮಾಡ್ಲಾ?” ಅಂತ ಕೇಳ್ತಾರೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ದಾರಿ ಇದೆ: ವರ್ಷವೆಲ್ಲಾ ಪ್ರತಿ ಗೋಡೆಯ ಮೇಲಿರಲಿ, ಹಬ್ಬದ ದಿನ ಮಾತ್ರ ಮೂಲವನ್ನು ತೆಗೆದು ಎಡೆಯ ಮುಂದೆ ಇಟ್ಟು, ಪೂಜೆಯಾದ ಮೇಲೆ ಮತ್ತೆ ಪೆಟ್ಟಿಗೆಗೆ ಸೇರಿಸುವುದು.

ಹಬ್ಬದ ದಿನ ಗಾಜಿನ ಮೇಲೆ ನೀರು ಚಿಮುಕಿಸಬೇಡಿ. ನೀರು ಕೆಳಗಿನ ಸಂದಿಗೆ ಇಳಿದು ಒಳಗೆ ಸೇರುತ್ತದೆ, ಕಾಗದ ಅದನ್ನು ದೀಪದ ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಫೋಟೋಗಳ ಕೆಳಭಾಗದಲ್ಲೇ ಮೊದಲು ಕಂದು ಕಲೆ ಬರುವುದು ಇದರಿಂದ. ಒಣ ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ಬಟ್ಟೆಯನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ ಗಾಜಿನ ನಡುಭಾಗಕ್ಕೆ ಮಾತ್ರ ಹಚ್ಚಿ. ಗಂಧ ಕುಂಕುಮವನ್ನೂ ಗಾಜಿನ ನಡುವೆ ಇಡಿ, ಅಂಚಿಗೆ ಬೇಡ. ಹೂವಿಗೆ ನೀರು ಹಾಕಿ ತಂದಿರುತ್ತಾರಲ್ಲ, ಆ ಹಾರವನ್ನು ಕೊಡವಿ ಹಾಕಿ, ಸಂಜೆಗೆ ತೆಗೆದುಬಿಡಿ. ಹಾವೇರಿಯ ಏಲಕ್ಕಿ ಹಾರ ಒಣಗಿದ್ದು, ಅದಾದರೆ ತೊಂದರೆಯೇ ಇಲ್ಲ, ಆದರೆ ನಮ್ಮ ಜೇಬಿಗೆ ತೊಂದರೆ!

ಇನ್ನೊಂದು ಕೆಲಸವನ್ನು ಈ ಹಬ್ಬದಲ್ಲೇ ಮಾಡಿ. ಎಲ್ಲಾ ಫೋಟೋ ಇಳಿಸಿದಾಗ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವರು ಯಾರು, ಯಾವ ಊರು ಅಂತ ಕೇಳಿ ಕಟ್ಟಿನ ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬಾರದು. ಒತ್ತಿದ ಗೆರೆ ಮುಖದ ಕಡೆ ಉಬ್ಬಿ ಕಾಣುತ್ತದೆ, ಶಾಯಿಯೂ ಇಳಿಯುತ್ತದೆ. ನಮ್ಮ ಮನೆಯ ಗೋಡೆಯ ಮೇಲೆ ಆರು ಜನ ನಿಂತಿರುವ ಒಂದು ಫೋಟೋ ಇದೆ. ಅದರಲ್ಲಿ ಬಲತುದಿಯ ಹುಡುಗ ಯಾರು ಅಂತ ಈಗ ನಮ್ಮಜ್ಜಿಗೆ ಮಾತ್ರ ಗೊತ್ತು.

ಕಾಗದದ ಮೂಲೆ ಮಡಿಸುವುದು ಓದಿದರೆ ಅರ್ಥವಾಗದೆ ಇರಬಹುದು. ಈ ಹಾಳೆಯ ಕೆಳಗೆ ಒಂದನ್ನು ಗುಂಡುಪಿನ್ನಿನಿಂದ ಚುಚ್ಚಿಟ್ಟಿದ್ದೇನೆ. ತೆಗೆದು, ಬಿಚ್ಚಿ ನೋಡಿ, ಮತ್ತೆ ಅದೇ ಗೆರೆಗೆ ಮಡಿಸಿ ಅಲ್ಲೇ ಇಡಿ. ಮುಂದಿನವರೂ ನೋಡಬೇಕು.